ಸುಗಮಕಾರ ಎಂದರೆ ಮ್ಯೂಟ್ ಮಾಡುವವರಲ್ಲ

ಮೊನ್ನೆ ಇನ್ನೊಂದು ಆಹ್ವಾನ ಬಂತು. ಎಂಟು ವಾರ ನಡೆಯುವ ಆನ್‌ಲೈನ್ ಕಲಿಕೆಯ ಬಳಗ. ಕೆಳಗೆ "ಸುಗಮಕಾರರು" ಎಂದು ಇಬ್ಬರ ಹೆಸರು. ಇಂಗ್ಲಿಷಿನ ಫೆಸಿಲಿಟೇಟರ್‌ಗೆ ನಾವು ಬಳಸುವ ಪದ ಅದು, ಕಲಿಯುವವರಿಗೆ ದಾರಿ ಮಾಡಿಕೊಡುವವರು ಎಂದರ್ಥ. ಮೊದಲ ದಿನ ಹೋಗಿ ಕೂತೆ. ಒಬ್ಬರು ಲಿಂಕ್ ಕಳಿಸಿದರು, ಹಾಜರಿ ಬರೆದುಕೊಂಡರು. ಇನ್ನೊಬ್ಬರು ಸದ್ದು ಬಂದ ಕಡೆಯೆಲ್ಲ ಮೈಕ್ ಮ್ಯೂಟ್ ಮಾಡಿದರು. ನಡುವಿನ ಒಂದೂವರೆ ಗಂಟೆ ಮೂರನೆಯವರೊಬ್ಬರು ಸ್ಲೈಡ್ ಓದಿದರು. ಕೊನೆಗೆ "ಪ್ರಶ್ನೆ ಏನಾದ್ರೂ ಇದೆಯಾ? ಇಲ್ಲ ಅಲ್ವಾ? ಹಾಗಾದರೆ ಮುಗಿಸೋಣ" ಎಂದರು. ಸಂಜೆ ಎಲ್ಲರಿಗೂ ಒಂದು ಸಂದೇಶ ಬಂತು: "ಇಂದಿನ ತರಗತಿ ಬಹಳ ಸುಗಮವಾಗಿ ನಡೆಯಿತು."

ಲಿಂಕ್ ಕಳಿಸುವುದು, ಮ್ಯೂಟ್ ಮಾಡುವುದು ಕೀಳು ಕೆಲಸವೇನಲ್ಲ. ಯಾರಾದರೂ ಮಾಡಲೇಬೇಕು. ಆದರೆ ಅದಕ್ಕೆ ತಾಂತ್ರಿಕ ನೆರವು ಎಂಬ ಒಳ್ಳೆಯ ಹೆಸರಿದೆ. ಹಾಜರಿ, ವೇಳಾಪಟ್ಟಿ ನೋಡಿಕೊಳ್ಳುವವರು ಸಂಯೋಜಕರು. ಮಾತು ಹದ ತಪ್ಪದಂತೆ ಕಾಯುವವರು ಮಾಡರೇಟರ್. ಇವರನ್ನೆಲ್ಲ ಸುಗಮಕಾರ ಎಂದು ಕರೆಯುತ್ತಾ ಹೋದರೆ ಇವರಿಗೇನೂ ನಷ್ಟವಿಲ್ಲ. ಸುಗಮಕಾರ ಮಾಡಬೇಕಿದ್ದ ಕೆಲಸವನ್ನು ಆ ದಿನ ಯಾರೂ ಮಾಡಲಿಲ್ಲ ಎಂಬುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಗೊಂದಲ ಶುರುವಾಗುವುದು "ಸುಗಮ" ಎಂಬ ಪದದಲ್ಲೇ. ಸು ಮತ್ತು ಗಮ. ಗಮ್ ಎಂದರೆ ಹೋಗು. ಗಮನ, ಆಗಮನ, ನಿರ್ಗಮನ, ಸಂಗಮ ಎಲ್ಲಕ್ಕೂ ಅದೇ ಬೇರು. ಸುಲಭವಾಗಿ ನಡೆದು ಹೋಗಬಹುದಾದದ್ದು ಸುಗಮ. ಅಂದರೆ ಇದು ಮೂಲದಲ್ಲಿ ದಾರಿಗೆ ಹೇಳುವ ಮಾತು. ಇದರ ಎದುರು ಪದ ದುರ್ಗಮ. ಕೋಟೆಗೆ ದುರ್ಗ ಎನ್ನುತ್ತೇವಲ್ಲ, ಅದೂ ಇದೇ ಬೇರಿನಿಂದ ಬಂದದ್ದು: ಹೋಗಿ ಮುಟ್ಟಲು ಕಷ್ಟವಾದ ಜಾಗ. ಇಲ್ಲೊಂದು ವಿಷಯ ಗಮನಿಸಿ. ಕೋಟೆಯ ಒಳಗಿರುವವರಿಗೆ ಕೋಟೆ ದುರ್ಗಮವೇ ಅಲ್ಲ. ಅವರು ಬೆಳಗಾದರೆ ಎದ್ದು ಓಡಾಡುತ್ತಾರೆ, ಯಾವ ಬಾಗಿಲು ಎಲ್ಲಿದೆ ಅವರಿಗೆ ಗೊತ್ತು. ಕಷ್ಟ ಇರುವುದು ಹೊರಗೆ ನಿಂತವರಿಗೆ. ಹಾಗಾಗಿ ಸುಗಮ ಎಂದ ಕೂಡಲೇ "ಯಾರಿಗೆ?" ಎಂದು ಕೇಳಲೇಬೇಕು. ಆ ಪ್ರಶ್ನೆ ಪದದ ಒಳಗೇ ಕೂತಿದೆ.

ದಿನಬಳಕೆಯಲ್ಲಿ ಇದು ಜಾರಿಹೋಗಿದೆ. "ಕಾರ್ಯಕ್ರಮ ಸುಗಮವಾಗಿ ನಡೆಯಿತು" ಎನ್ನುವಾಗ ನಡೆಯುವುದು ಜನರಲ್ಲ, ಕಾರ್ಯಕ್ರಮ. ಗಲಾಟೆಯಾಗಲಿಲ್ಲ, ಹೊತ್ತಿಗೆ ಸರಿಯಾಗಿ ಮುಗಿಯಿತು, ಯಾರೂ ಅಡ್ಡ ಮಾತಾಡಲಿಲ್ಲ ಎಂದಷ್ಟೇ ಅರ್ಥ. ಅದನ್ನು ಹೇಳಲು ಕನ್ನಡದಲ್ಲಿ ಇದಕ್ಕಿಂತ ಚೆನ್ನಾದ ಪದ ಮೊದಲೇ ಇದೆ: ಸುಸೂತ್ರ. ನೂಲು ಗಂಟು ಬೀಳದೆ ಬಿಚ್ಚಿಕೊಳ್ಳುತ್ತಾ ಹೋದ ಹಾಗೆ. ದಯವಿಟ್ಟು ಅದನ್ನೇ ಬಳಸಿ. ಒಂದು ತರಗತಿ ಪೂರ್ತಿ ಸುಸೂತ್ರವಾಗಿ ನಡೆದು, ಬಂದವರಲ್ಲಿ ಅರ್ಧ ಜನಕ್ಕೆ ಪೂರ್ತಿ ದುರ್ಗಮವಾಗಿರಬಹುದು. ಮೊದಲ ದಿನದ ಆ ತರಗತಿ ಹಾಗೇ ಇತ್ತು.

ಇಂಗ್ಲಿಷಿನ ಫೆಸಿಲಿಟೇಟ್ ಹದಿನೇಳನೇ ಶತಮಾನದ ಪದ. ಅದರ ಹಿಂದೆ ಲ್ಯಾಟಿನ್ನಿನ ಫಾಕಿಲಿಸ್ ಇದೆ, ಅದರ ಹಿಂದೆ ಫಾಕೆರೆ, ಅಂದರೆ ಮಾಡು. ಫಾಕಿಲಿಸ್ ಎಂದರೆ ಮಾಡಲು ಆಗುವಂಥದ್ದು. ಡಿಫಿಕಲ್ಟ್, ಫ್ಯಾಕಲ್ಟಿ, ಫೆಸಿಲಿಟಿ ಎಲ್ಲ ಅದರ ನಂಟರೇ. ಅಲ್ಲಿ "ಮಾಡು" ಇದ್ದ ಕಡೆ ನಮ್ಮಲ್ಲಿ "ಹೋಗು" ಇದೆ. ನನಗೆ ನಮ್ಮದೇ ಹೆಚ್ಚು ಸರಿ ಅನಿಸುತ್ತದೆ. ಕಲಿಯುವವರು ತಾವೇ ನಡೆಯಬೇಕು, ಇನ್ನೊಬ್ಬರು ಹೊತ್ತುಕೊಂಡು ಹೋಗಲು ಆಗುವುದಿಲ್ಲ ಎಂಬುದು ಅದರಲ್ಲಿ ತಾನಾಗಿ ಬಂದುಬಿಡುತ್ತದೆ.

ಕೆಲವರು ಅನುಕೂಲಕಾರ ಎಂದು ಬರೆಯುತ್ತಾರೆ. ಅದರ ಬೇರೂ ಚಂದವೇ. ಕೂಲ ಎಂದರೆ ದಡ. ದಡದ ಗುಂಟ ಹರಿದರೆ ಅನುಕೂಲ, ಅದಕ್ಕೆ ಎದುರಾದರೆ ಪ್ರತಿಕೂಲ. ಆದರೆ ಇವತ್ತು "ನಿಮ್ಮ ಅನುಕೂಲ ನೋಡಿಕೊಂಡು ಬನ್ನಿ" ಎನ್ನುವ ಅರ್ಥವೇ ಎಲ್ಲರ ಬಾಯಲ್ಲಿ ಇರುವುದು. ಕಲಿಕೆಗೆ ಆ ಅರ್ಥ ಅಂಟಿಕೊಂಡರೆ ಕೆಟ್ಟಿತು. ಯಾಕೆಂದರೆ ಇನ್ನೊಂದು ತಪ್ಪು ಹುಟ್ಟುವುದೇ ಅಲ್ಲಿ.

ಆ ತಪ್ಪು ಹೀಗಿದೆ: ಸುಗಮಕಾರ ಎಂದರೆ ಕಲಿಕೆಯನ್ನು ಸುಲಭ ಮಾಡಿಕೊಡುವವರು. ಖಂಡಿತ ಅಲ್ಲ. ದಾರಿಯಲ್ಲಿ ಬಿದ್ದ ಕಲ್ಲನ್ನು ತೆಗೆಯುವುದು ಬೇರೆ, ಬೆಟ್ಟವನ್ನೇ ಇಲ್ಲವಾಗಿಸುವುದು ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬ್ಯೋರ್ಕ್ 1994ರಲ್ಲಿ ಕಲಿಕೆಗೆ "ಬೇಕಾದ ಕಷ್ಟಗಳು" ಎಂಬ ಮಾತು ತಂದರು. ನೋಡದೆ ನೆನಪಿಸಿಕೊಳ್ಳುವುದು, ಒಂದೇ ಸಲ ಓದುವ ಬದಲು ದಿನ ಬಿಟ್ಟು ದಿನ ಓದುವುದು, ಇಂಥವು ಆ ಹೊತ್ತಿಗೆ ತ್ರಾಸ ಕೊಡುತ್ತವೆ. ಆದರೆ ಕಲಿತದ್ದು ಉಳಿಯುವುದು ಅವುಗಳಿಂದಲೇ. ತರಗತಿ ಮುಗಿದ ಐದೇ ನಿಮಿಷಕ್ಕೆ ಅಚ್ಚುಕಟ್ಟಾದ ಸಾರಾಂಶ ಕಳಿಸುವವರು ಈ ಕಷ್ಟವನ್ನು ಕಸಿದುಕೊಳ್ಳುತ್ತಾರೆ. ಅದರ ಬದಲು "ನೆನಪಿದ್ದಷ್ಟು ಮೂರು ಸಾಲು ಬರೆದು ಹಾಕಿ" ಎಂದು ಎಲ್ಲರನ್ನೂ ಕೇಳಿ, ಮಾರನೇ ದಿನ ಸಾರಾಂಶ ಕಳಿಸಿದರೆ ಅದು ಸುಗಮಕಾರರ ಕೆಲಸ. ಇನ್ನೊಂದು ಕಡೆ, ಕಡತ ತೆರೆಯಲು ಪಾಸ್‌ವರ್ಡ್ ಸಿಗದೆ ಇಪ್ಪತ್ತು ನಿಮಿಷ ಒದ್ದಾಡುವುದರಿಂದ ಯಾರೂ ಏನೂ ಕಲಿಯುವುದಿಲ್ಲ. ಅದು ಸುಮ್ನೆ ಕಲ್ಲು. ತೆಗೆಯಬೇಕು.

ಕಲ್ಲು ಯಾವುದು, ಬೆಟ್ಟ ಯಾವುದು ಎಂದು ಗುರುತಿಸುವುದು ಕಲಿತೇ ಬರಬೇಕು. ಆನ್‌ಲೈನಿನಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ಎಡವಿದವರು ಕಾಣುವುದಿಲ್ಲ. ಕೋಣೆಯಲ್ಲಾದರೆ ಹುಬ್ಬು ಗಂಟಿಕ್ಕಿದ ಮುಖ ಕಾಣುತ್ತದೆ. ಪರದೆಯ ಮೇಲೆ ಕಾಣುವುದು ಕಪ್ಪು ಚೌಕದಲ್ಲಿ ಒಂದು ಹೆಸರು.

ಅದಕ್ಕೆ ಬಹಳ ಜನ ಕಂಡುಕೊಂಡಿರುವ ಮದ್ದು "ಎಲ್ಲರೂ ಕ್ಯಾಮೆರಾ ಆನ್ ಮಾಡಿ" ಎಂಬ ಆಜ್ಞೆ. ನನಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ನೆಟ್‌ವರ್ಕ್ ದುರ್ಬಲ ಇದ್ದವರಿಗೆ ವಿಡಿಯೊ ಹಾಕಿದ ಕೂಡಲೇ ಧ್ವನಿಯೂ ಕಡಿದುಹೋಗುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕು ಜನ ಇರುವ ಮನೆಯವರಿಗೆ ತಮ್ಮ ಮನೆಯನ್ನು ಅಪರಿಚಿತರಿಗೆ ತೋರಿಸುವುದು ಬೇಡವಾಗಿರುತ್ತದೆ. ಮುಖ ಕಂಡರೆ ನಡೆಸುವವರಿಗೆ ಸಮಾಧಾನ, ನಿಜ. ಆದರೆ ಸಮಾಧಾನ ಯಾರಿಗಾಗಬೇಕಿತ್ತು?

ಮೌನದ ವಿಷಯ ಇನ್ನೂ ದೊಡ್ಡದು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ತಾವಾಗಿ ಮಾತಾಡುವವರು ಹೆಚ್ಚಿದರು, ಸುಮ್ಮನಿದ್ದುಬಿಡುವವರು ಕಡಿಮೆಯಾದರು. ಅದು ಎದುರೆದುರು ಕೂತ ತರಗತಿ. ಆನ್‌ಲೈನಿನಲ್ಲಿ ಧ್ವನಿ ತಲುಪಲೇ ಸ್ವಲ್ಪ ಹೊತ್ತು ಬೇಕು. ಆಮೇಲೆ ಅನ್‌ಮ್ಯೂಟ್ ಗುಂಡಿ ಹುಡುಕಬೇಕು. ಬೇರೆ ಯಾರಾದರೂ ಶುರು ಮಾಡುತ್ತಾರೇನೋ ಎಂದು ನೋಡಬೇಕು. ಚಾಟ್‌ನಲ್ಲಿ ಬರೆಯುವವರಿಗೆ ಫೋನಿನಲ್ಲಿ ಒಂದು ಸಾಲು ಒತ್ತಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ "ಇಲ್ಲ ಅಲ್ವಾ? ಮುಗಿಸೋಣ" ಎಂದರೆ ಅದನ್ನು ಪ್ರಶ್ನೆ ಕೇಳಿದ್ದು ಎಂದು ನಾನು ಒಪ್ಪುವುದಿಲ್ಲ. ಪ್ರಶ್ನೆ ಕೇಳಿ, ಹತ್ತರವರೆಗೆ ಮನಸ್ಸಿನಲ್ಲೇ ಎಣಿಸಿ. "ಎರಡು ನಿಮಿಷ ಎಲ್ಲರೂ ಬರೆದುಕೊಳ್ಳಿ, ನಾನು ಹೇಳಿದ ಮೇಲೆ ಒಟ್ಟಿಗೆ ಕಳಿಸಿ" ಎನ್ನಿ. ಬೇಗ ಟೈಪ್ ಮಾಡುವವರ ಉತ್ತರ ನೋಡಿ ಉಳಿದವರು ತಮ್ಮದನ್ನು ಅಳಿಸಿಹಾಕುವುದು ಆಗ ನಿಲ್ಲುತ್ತದೆ.

ಇದರ ಉಲ್ಟಾ ತಪ್ಪೂ ಉಂಟು. "ಇಲ್ಲಿವರೆಗೆ ಮಾತಾಡದವರು ಈಗ ಒಬ್ಬೊಬ್ಬರಾಗಿ ಮಾತಾಡಿ" ಎಂದು ಹೆಸರು ಹಿಡಿದು ಕರೆಯುವುದು. ಆನ್‌ಲೈನ್ ಬಳಗಗಳಲ್ಲಿ ನೂರಕ್ಕೆ ಸುಮಾರು 90 ಜನ ಸುಮ್ಮನೆ ಓದುತ್ತಾರೆ, 9 ಜನ ಆಗೀಗ ಬರೆಯುತ್ತಾರೆ, ಬರುವ ಬರಹದಲ್ಲಿ ಬಹುಪಾಲು ಉಳಿದ ಒಬ್ಬರದ್ದೇ ಎಂಬ ಒರಟು ಲೆಕ್ಕವನ್ನು ಜಾಲತಾಣಗಳ ಬಳಕೆಯ ತಜ್ಞ ಯಾಕೊಬ್ ನೀಲ್ಸೆನ್ 2006ರಲ್ಲಿ ಕೊಟ್ಟರು. ಸುಮ್ಮನಿರುವವರೆಲ್ಲ ಸೋಮಾರಿಗಳು ಎಂದು ಅದರಿಂದ ತೀರ್ಮಾನಿಸಬೇಡಿ. ಅದಕ್ಕೂ ಮೊದಲೇ, 1991ರಲ್ಲಿ, ಕಲಿಕೆಯ ಸಂಶೋಧಕರಾದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅಂಚಿನಲ್ಲಿ ಕೂತು ಕಲಿಯುವುದನ್ನು ಬೇರೆ ಕಡೆಯಿಂದ ನೋಡಿದ್ದರು. ಅವರ ಒಂದು ಉದಾಹರಣೆ ಪಶ್ಚಿಮ ಆಫ್ರಿಕಾದ ದರ್ಜಿಗಳದ್ದು. ಹೊಸ ಹುಡುಗ ಬಂದ ಕೂಡಲೇ ಅವನ ಕೈಗೆ ಕತ್ತರಿ ಕೊಡುವುದಿಲ್ಲ. ಮೊದಲು ಗುಂಡಿ ಹಚ್ಚುವುದು, ಅಂಚು ಮಡಿಸಿ ಹೊಲಿಯುವುದು. ಆಮೇಲೆ ಹೊಲಿಗೆ. ಬಟ್ಟೆ ಕತ್ತರಿಸುವುದು ಕೊನೆಗೆ. ಅಂಚಿನಲ್ಲಿ ಕೂತಿದ್ದಾನೆ, ಆದರೆ ಕೈಯಲ್ಲಿ ನಿಜವಾದ ಅಂಗಿಯೇ ಇದೆ. ಮೌನವಾಗಿರುವ ಸದಸ್ಯರಿಗೆ ಬೇಕಾದದ್ದು ಇಂಥದ್ದೇ ಒಂದು ಕೆಲಸ. "ಈ ವಾರ ಬಂದ ಹೊಸ ಪದಗಳನ್ನು ಪಟ್ಟಿ ಮಾಡಿಕೊಡ್ತೀರಾ?" ಎಂದು ಖಾಸಗಿಯಾಗಿ ಕೇಳಿದರೆ ಸಾಕು, ಎಷ್ಟೋ ಜನ ಒಪ್ಪುತ್ತಾರೆ.

ಎಲ್ಲರನ್ನೂ ಒಳಗೊಳ್ಳುವುದು ಎಂಬ ಮಾತು ಇದರ ಜೊತೆಗೇ ಬರುತ್ತದೆ, ಅದನ್ನೂ ಆಹ್ವಾನಗಳಲ್ಲಿ ಸುಮ್ನೆ ಅಲಂಕಾರಕ್ಕೆ ಹಾಕುತ್ತಾರೆ. ಇಂಗ್ಲಿಷಿನ ಇನ್‌ಕ್ಲೂಡ್‌ಗೆ ಲ್ಯಾಟಿನ್ನಿನಲ್ಲಿ ಒಳಗೆ ಹಾಕಿ ಮುಚ್ಚು ಎಂಬ ಅರ್ಥ. ಒಳಗೊಳ್ಳು ಎಂಬುದರಲ್ಲಿ ಮುಚ್ಚುವ ಮಾತಿಲ್ಲ. ಒಳಗೆ ಮತ್ತು ಕೊಳ್ಳು ಅಷ್ಟೆ. ಹಾಗೆ ತೆಗೆದುಕೊಳ್ಳಬೇಕಾದರೆ ಒಳಗಿರುವವರು ಸರಿದು ಜಾಗ ಬಿಡಬೇಕು. ಎಲ್ಲರಿಗೂ ಸ್ವಾಗತ ಎಂದು ಬರೆದು, ಆ ಬರಹವನ್ನೇ ಪೋಸ್ಟರಿನ ಚಿತ್ರವಾಗಿ ಕಳಿಸುವ ಬಳಗಗಳನ್ನು ನೋಡಿದ್ದೇನೆ. ಕಣ್ಣು ಕಾಣದವರಿಗೆ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಆ ಚಿತ್ರದಲ್ಲಿ ಓದಲು ಏನೂ ಇರುವುದಿಲ್ಲ. ಚಿತ್ರಕ್ಕೂ ಧ್ವನಿಗೂ ಬದಲಿ ಬರಹ ಕೊಡಿ ಎಂಬುದು ಜಾಲತಾಣಗಳ ಮಾನದಂಡ ರೂಪಿಸುವ ವರ್ಲ್ಡ್ ವೈಡ್ ವೆಬ್ ಒಕ್ಕೂಟ 1999ರಲ್ಲಿ ಹೊರತಂದ ಮಾರ್ಗಸೂಚಿಯ ಮೊಟ್ಟಮೊದಲ ಅಂಶ. ಕೆಳಗೆ ಎರಡು ಸಾಲು ಬರಹ ಹಾಕಲು ಒಂದು ನಿಮಿಷ ಸಾಕು.

ಇನ್ನು, ಸುಗಮಕಾರ ಸುಮ್ಮನಿರಬೇಕು, ಎಲ್ಲ ಅವರವರೇ ಕಲಿತುಕೊಳ್ಳುತ್ತಾರೆ ಎನ್ನುವ ವಾದ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1960ರ ದಶಕದಲ್ಲಿ ಶಿಕ್ಷಕರನ್ನು ಕಲಿಕೆಯ ಫೆಸಿಲಿಟೇಟರ್ ಎಂದು ನೋಡಿದಾಗ, ಅವರು ಮನಸ್ಸಿಟ್ಟು ಕೇಳಬೇಕು, ಕಲಿಯುವವರನ್ನು ಹೃದಯದಿಂದ ಒಪ್ಪಬೇಕು ಎಂದರು. ಪಕ್ಕಕ್ಕೆ ಸರಿದು ಮಾಯವಾಗಿ ಎಂದು ಅವರು ಹೇಳಲಿಲ್ಲ. 2000ದ ಹೊತ್ತಿಗೆ ಕೆನಡಾದ ಸಂಶೋಧಕರಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಆನ್‌ಲೈನ್ ಕಲಿಕೆಗೆ ಮೂರು ಬಗೆಯ ಇರವು (ಪ್ರೆಸೆನ್ಸ್) ಬೇಕು ಎಂದರು: ಜನರ ನಡುವಿನ ನಂಟು, ವಿಚಾರದ ಹುಡುಕಾಟ, ಕಲಿಸುವಿಕೆ. ಮೂರನೆಯದಕ್ಕೆ ಅವರು ಬೇಕೆಂದೇ "ಶಿಕ್ಷಕರ ಇರವು" ಎನ್ನದೆ "ಕಲಿಸುವಿಕೆಯ ಇರವು" ಎಂದರು. ಆ ಕೆಲಸವನ್ನು ಬಳಗದ ಯಾರು ಬೇಕಾದರೂ ಮಾಡಬಹುದು, ಆದರೆ ಅದು ಆಗಲೇಬೇಕು. ಹಾಗಾಗಿ ಸುಗಮಕಾರ ಎಂಬುದನ್ನು ಹುದ್ದೆಯ ಹೆಸರು ಎನ್ನುವುದಕ್ಕಿಂತ ಕೆಲಸದ ಹೆಸರು ಎಂದು ತಿಳಿಯುವುದು ಒಳ್ಳೆಯದು. ಎಲ್ಲೋ ಹತ್ತು ಜನ ಹೇಳಿದ ಬಿಡಿ ಮಾತುಗಳನ್ನು ಹೆಣೆದು "ಇವರು ಹೇಳಿದ್ದಕ್ಕೂ ಅವರ ಅನುಭವಕ್ಕೂ ಹೊಂದಿಕೆ ಆಗ್ತಿಲ್ಲ, ಯಾಕೆ?" ಎಂದು ಕೇಳಿದವರು, ಆ ಗಳಿಗೆಗೆ, ಸುಗಮಕಾರರು.

ಇದನ್ನು ಕಲಿಯುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ ಅಭ್ಯಾಸ. ನೀವು ನಡೆಸಿದ ತರಗತಿಯ ರೆಕಾರ್ಡಿಂಗ್ ಹಾಕಿ, ಕೈಯಲ್ಲಿ ಗಡಿಯಾರ ಹಿಡಿದು ಕೂತುಕೊಳ್ಳಿ. ಪ್ರತಿ ಪ್ರಶ್ನೆಯ ನಂತರ ಎಷ್ಟು ಸೆಕೆಂಡ್ ಕಾದಿರಿ, ಯಾರು ಎಷ್ಟು ಸಲ ಮಾತಾಡಿದರು, ಚಾಟ್‌ನ ಯಾವ ಸಾಲಿಗೆ ಯಾರೂ ಉತ್ತರ ಕೊಡಲಿಲ್ಲ, ಎಲ್ಲ ಬರೆದುಕೊಳ್ಳಿ. ನಾನು ಮೊದಲ ಸಲ ಹೀಗೆ ಮಾಡಿದಾಗ ನನ್ನ ಕಾಯುವಿಕೆ ಎಲ್ಲೂ ಎರಡು ಸೆಕೆಂಡ್ ದಾಟಿರಲಿಲ್ಲ.

ಮುಂದಿನ ವಾರ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿ ಎಣಿಸಿದೆ. ಎಂಟಕ್ಕೆ ಬಂದಾಗ ನಾಲ್ಕು ವಾರದಿಂದ ಒಂದು ಮಾತೂ ಆಡದ ಒಬ್ಬರು ಅನ್‌ಮ್ಯೂಟ್ ಮಾಡಿದರು. "ಮೇಡಂ, ಮೊದಲ ವಾರದಿಂದ ಎಲ್ಲರೂ ಬಳಸ್ತಿರೋ ಆ ಪದ ನನಗೆ ಇನ್ನೂ ಅರ್ಥ ಆಗಿಲ್ಲ" ಎಂದರು. ಚಾಟ್‌ನಲ್ಲಿ ಸಾಲಾಗಿ ಬಂತು: ನನಗೂ, ನನಗೂ, ನನಗೂ. ಆ ದಿನದ ಉಳಿದ ಹೊತ್ತೆಲ್ಲ ಆ ಒಂದು ಪದಕ್ಕೇ ಹೋಯಿತು. ಇಬ್ಬರು ಅದರ ಮೇಲೆ ಜಗಳವನ್ನೇ ಆಡಿದರು. ಪಟ್ಟಿಯಲ್ಲಿದ್ದ ಎರಡು ವಿಷಯಗಳನ್ನು ಮುಟ್ಟಲು ಆಗಲಿಲ್ಲ, ಮುಗಿಯುವಾಗ ಇಪ್ಪತ್ತು ನಿಮಿಷ ತಡವಾಗಿತ್ತು.