ಸೇವೆ ಮಾಡೋಕೆ ನಾವೇ ಯಾಕೆ ದುಡ್ಡು ಕೊಡಬೇಕು?

ಪ್ರಶ್ನೆ: ಮಗಳು ಡಿಗ್ರಿ ಕೊನೇ ವರ್ಷ. ರಜೆಯಲ್ಲಿ ಕಾಂಬೋಡಿಯಾಕ್ಕೆ ಹೋಗಿ, ಅಲ್ಲಿನ ಅನಾಥಾಶ್ರಮದಲ್ಲಿ ಎರಡು ವಾರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀನಿ ಅಂತಿದ್ದಾಳೆ. ವಿಮಾನದ ಟಿಕೆಟ್ ಅಲ್ಲದೆ ಸೇವೆಗೂ ಬೇರೆ ಶುಲ್ಕ ಇದೆಯಂತೆ. ಕೆಲಸವನ್ನೂ ಮಾಡಿ ದುಡ್ಡನ್ನೂ ಕೊಡೋದು ಯಾವ ನ್ಯಾಯ? ಕಟ್ಟಬಹುದಾ?

ಉತ್ತರ: ದುಡ್ಡು ಕೇಳಿದ ಮಾತ್ರಕ್ಕೆ ಮೋಸ ಅಂತಲ್ಲ. ಹೊರಗಿನಿಂದ ಬಂದವರಿಗೆ ಊಟ, ವಸತಿ, ಓಡಾಟ, ಜೊತೆಗೆ ಅಲ್ಲಿನ ಭಾಷೆ ಬಲ್ಲ ಒಬ್ಬರು, ಇದಕ್ಕೆಲ್ಲ ಖರ್ಚಿದೆ. ಆ ಹೊರೆಯನ್ನು ಬಡ ಊರಿನವರ ತಲೆಗೆ ಕಟ್ಟೋದು ಸರಿಯಲ್ಲ, ಅಲ್ವಾ? ಆದರೆ ಅನಾಥಾಶ್ರಮಕ್ಕೆ ಮಾತ್ರ ದಯವಿಟ್ಟು ಕಟ್ಟಬೇಡಿ.

ಕಾರಣ ಇದೆ. ಕಾಂಬೋಡಿಯಾದಲ್ಲಿ 2005ರಲ್ಲಿ 154 ಇದ್ದ ಅನಾಥಾಶ್ರಮಗಳು 2010ರ ಹೊತ್ತಿಗೆ 269 ಆದವು. ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡ ಖಮೇರ್ ರೂಜ್ ಆಡಳಿತ ಬಿದ್ದದ್ದು 1979ರಲ್ಲೇ. ಹಾಗಾದರೆ ಇಷ್ಟು ಅನಾಥರು ಎಲ್ಲಿಂದ ಬಂದರು? ಯುನಿಸೆಫ್ ಹೇಳುವ ಪ್ರಕಾರ ಅಲ್ಲಿನ ಆಶ್ರಮಗಳಲ್ಲಿರುವ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಓದು, ಊಟ ಸಿಗುತ್ತೆ ಅಂತ ಬಡ ಅಪ್ಪ ಅಮ್ಮಂದಿರು ಕಳಿಸುತ್ತಾರೆ, ಕೆಲವು ಕಡೆ ದಲ್ಲಾಳಿಗಳೇ ಹಳ್ಳಿಗೆ ಹೋಗಿ ಒಪ್ಪಿಸಿ ಕರೆತರುತ್ತಾರೆ, ಯಾಕಂದ್ರೆ ಅಂಕೋರ್ ದೇವಾಲಯಗಳನ್ನು ನೋಡಲು ಬಂದ ಪ್ರವಾಸಿಗರು ಪಕ್ಕದ ಸಿಯೆಮ್ ರೀಪ್ ಊರಿನಲ್ಲಿ ಇಳಿದು, ಮಕ್ಕಳ ಜೊತೆ ಒಂದಿಷ್ಟು ದಿನ ಕಳೆದು ಹಣ ಕೊಟ್ಟು ಹೋಗುತ್ತಾರೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧ ಕಾನೂನು ತಂದಾಗ, ಅನಾಥಾಶ್ರಮ ತುಂಬಿಸೋಕೆ ಮಕ್ಕಳನ್ನು ಸಾಗಿಸೋದನ್ನೂ ಆ ಲೆಕ್ಕಕ್ಕೇ ಸೇರಿಸಿತು. ನೀವು ಕಟ್ಟುವ ಶುಲ್ಕವೇ ಒಂದು ಮಗುವನ್ನು ಮನೆ ಬಿಡಿಸಬಹುದು.

ಆ ಮಗುವಿನ ಕಡೆಯಿಂದಲೂ ನೋಡಿ. ಹೊಸ ಅಕ್ಕ ಬರುತ್ತಾಳೆ, ಎಬಿಸಿಡಿ ಶುರು ಮಾಡುತ್ತಾಳೆ, ತೊಡೆ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾಳೆ, ಎರಡು ವಾರಕ್ಕೆ ಹೊರಡುತ್ತಾಳೆ. ಸೋಮವಾರ ಇನ್ನೊಬ್ಬಳು, ಮತ್ತೆ ಎಬಿಸಿಡಿ. ನಿಮ್ಮ ಮಗಳ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಪ್ರೀತಿ ಹಚ್ಚಿಕೊಂಡ ಮಗುವಿಗೆ ಮಾತ್ರ ಇದು ಬಹಳ ನೋವಿನ ವಿಷಯ.

ಪ್ರಾಣಿಗಳ ವಿಷಯದಲ್ಲೂ ಹೀಗೇ ಎಚ್ಚರ ಬೇಕು. ಶ್ರೀಲಂಕಾದ ಕೊಸ್ಗೊಡ ಕಡಲ ತೀರದಲ್ಲಿ ಆಮೆ ಮರಿ ಮಾಡಿಸುವ ಕೇಂದ್ರಗಳಿವೆ, ದುಡ್ಡು ಕೊಟ್ಟು ಕೆಲಸ ಮಾಡಲು ವಿದೇಶದವರು ಬರುತ್ತಾರೆ. ಆಗಷ್ಟೇ ಹೊರಬಂದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಸ್ವಲ್ಪ ಉಳಿದಿರುತ್ತೆ, ದಡ ಬಿಟ್ಟು ಆಳ ಕಡಲಿಗೆ ಈಜೋಕೆ ಅದೇ ಶಕ್ತಿ. ಪ್ರವಾಸಿಗರಿಗೆ ತೋರಿಸೋಕೆ ಅಂತ ಸಿಮೆಂಟ್ ತೊಟ್ಟಿಯಲ್ಲಿ ದಿನಗಟ್ಟಲೆ ಇಟ್ಟರೆ ಆ ಶಕ್ತಿ ತೊಟ್ಟಿ ಸುತ್ತೋದರಲ್ಲೇ ಖರ್ಚಾಗುತ್ತೆ. ನಮ್ಮ ಹೊನ್ನಾವರದ ಕಾಸರಕೋಡಿನಲ್ಲಿ ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಕಾಯುತ್ತಾರೆ, ಮರಿ ಹೊರಬಂದರೆ ಸೀದಾ ಕಡಲಿಗೆ ಬಿಡುತ್ತಾರೆ. ಮರಿಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಕೇಳಿದರೆ ಸಾಕು, ಎಂಥ ಕೇಂದ್ರ ಅಂತ ಗೊತ್ತಾಗುತ್ತೆ.

ಹಾಗಂತ ಲಾಭವೇ ಇಲ್ಲವಾ? ಇದೆ. ಬೇರೆ ದೇಶದ ಮನೆಯಲ್ಲಿ ಇದ್ದು, ಅವರ ಅಡುಗೆ ಉಂಡು, ಭಾಷೆ ಬಾರದ ಊರಲ್ಲಿ ಒಬ್ಬಳೇ ಓಡಾಡಿ ಬಂದರೆ ಮಗಳಿಗೆ ಧೈರ್ಯ ಬರುತ್ತೆ. ಆದರೆ ಎರಡು ವಾರದಲ್ಲಿ ಜಾಸ್ತಿ ಲಾಭ ಅವಳಿಗೇ. ಅದನ್ನು ಕಲಿಕೆಯ ಪ್ರವಾಸ ಅಂತಲೇ ಒಪ್ಪಿಕೊಂಡು, ಆ ಲೆಕ್ಕದಲ್ಲೇ ಖರ್ಚು ಮಾಡಿ. ನಿಜಕ್ಕೂ ಕೈಯಲ್ಲಿರೋ ವಿದ್ಯೆ ಕೊಡಬೇಕು ಅಂದರೆ ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಯಲ್ಲಿ ಆನ್‌ಲೈನ್ ಕೆಲಸಗಳಿವೆ, ಅನುವಾದ, ವಿನ್ಯಾಸ, ಬರವಣಿಗೆ ಎಲ್ಲ. ಮನೆಯಲ್ಲೇ ಕೂತು ಮಾಡಬಹುದು, ಶುಲ್ಕವಿಲ್ಲ. ಅದೇ ಸಂಸ್ಥೆ ಬೇರೆ ದೇಶಕ್ಕೆ ಕಳಿಸಿದರೆ ಜೀವನ ಭತ್ಯೆಯನ್ನೂ ಕೊಡುತ್ತೆ. ಆದರೆ ಅದಕ್ಕೆ ಆಯ್ಕೆ ಆಗಬೇಕು, ಸುಮ್ನೆ ಸಿಗಲ್ಲ.

ಇಷ್ಟಾದಮೇಲೂ ಬೇರೆ ಯಾವುದಾದರೂ ಕೆಲಸಕ್ಕೆ ದುಡ್ಡು ಕಟ್ಟಿ ಹೋಗೋದೇ ಅಂತಾದರೆ, ಅಡ್ವಾನ್ಸ್ ಕಟ್ಟೋಕೆ ಮುಂಚೆ ಶುಲ್ಕದಲ್ಲಿ ಏಜೆನ್ಸಿಗೆಷ್ಟು, ಆ ಊರಿಗೆಷ್ಟು ಅಂತ ಬರಹದಲ್ಲಿ ಕೇಳಿ. ಯಾವ ವೀಸಾ ಅಂತಲೂ ಕೇಳಿ. ಬಹಳ ದೇಶಗಳಲ್ಲಿ ಟೂರಿಸ್ಟ್ ವೀಸಾ ಇಟ್ಟುಕೊಂಡು ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ, ಸಿಕ್ಕಿಬಿದ್ದರೆ ತೊಂದರೆ ಮಗಳಿಗೇ ಹೊರತು ಏಜೆನ್ಸಿಗಲ್ಲ. ಮಕ್ಕಳ ಜೊತೆ ಕೆಲಸ ಅಂದರೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದ್ದಾರಾ ನೋಡಿ. ಅದನ್ನೂ ಕೇಳದೆ ಅವಳನ್ನು ಒಳಗೆ ಬಿಡುವವರು ಬೇರೆ ಯಾರನ್ನು ಬೇಕಾದರೂ ಬಿಡುತ್ತಾರೆ, ಅಂಥವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.