ಯಾವ ಸುತ್ತಿನಲ್ಲಿ ಎಷ್ಟು ಬಿಡಬೇಕು?

ಶಿವರಾತ್ರಿಯ ಹೊತ್ತಿಗೆ ತುಮಕೂರಿನ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಹೋರಿ ಕೊಳ್ಳಲು ಬಂದವರು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತಾರೆ. ಕೆಟ್ಟ ಸುಳಿ ಕಂಡರೆ ನಡೆಸುವ ಮಾತೇ ಇಲ್ಲ. ತಳಿ ವಿಜ್ಞಾನಿಗಳೂ ಹೀಗೆ ಸುತ್ತು ಸುತ್ತಾಗಿಯೇ ಆರಿಸುತ್ತಾರೆ. ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ. ಆದರೆ ಹಲ್ಲು ವಯಸ್ಸು ಹೇಳುತ್ತದೆ, ನಡಿಗೆ ಕಾಲಿನ ಬಲ ಹೇಳುತ್ತದೆ. ಸುಳಿ ನೊಗ ಎಳೆಯುವ ಶಕ್ತಿಯನ್ನು ಹೇಳುವುದಿಲ್ಲ. ಅಂಥ ಸುತ್ತಿನಿಂದ ಆಗುವುದು ಒಂದೇ: ಒಳ್ಳೆಯ ಪರೀಕ್ಷೆಗೆ ಉಳಿಯುವ ಹೋರಿಗಳು ಕಡಿಮೆಯಾಗುತ್ತವೆ.

ಅರೆಬರೆ ಸುಳಿವು ಕೊಡುವ ಪರೀಕ್ಷೆಯ ಕಥೆ ಇನ್ನೂ ಸ್ವಾರಸ್ಯಕರ. 100 ಕರುಗಳಿವೆ ಎನ್ನೋಣ. ಎಳೆತನದ ಅಳತೆಗೂ ಮುಂದೆ ಬಯಲಾಗುವ ನಿಜವಾದ ಗುಣಕ್ಕೂ ಇರುವ ಸಹಸಂಬಂಧ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ಹೊಂದಿಕೆ) 0.3 ಮಾತ್ರ. ಮೊದಲ ಸುತ್ತಿನಲ್ಲೇ ಬಿಗಿಯಾಗಿ 10 ಕರುಗಳನ್ನಷ್ಟೇ ಉಳಿಸಿಕೊಂಡರೆ, ನೂರರಲ್ಲಿ ಅತ್ಯುತ್ತಮವಾದ ಕರು ಆ ಹತ್ತರಲ್ಲಿರುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಕಡಿಮೆ. 50 ಉಳಿಸಿಕೊಂಡರೆ ಅದು ಮುಕ್ಕಾಲು ಪಾಲು ದಾಟುತ್ತದೆ. ಆದರೆ 50 ಕರುಗಳಿಗೂ ಮೇವು, ಜಾಗ, ಆಳು ಬೇಕಲ್ಲ! ಈ ಜಗ್ಗಾಟವನ್ನು ಗಣಿತಕ್ಕೆ ಇಳಿಸಿದವರಲ್ಲಿ ಸಂಖ್ಯಾಶಾಸ್ತ್ರಜ್ಞ ಕಾಕ್ರನ್ ಒಬ್ಬರು. ಅವರ ಪ್ರಬಂಧ 1951ರಲ್ಲಿ ಪ್ರಕಟವಾಯಿತು. ಒಂದು ಸುತ್ತು ದಾಟಿ ಬಂದವುಗಳಲ್ಲಿ ವ್ಯತ್ಯಾಸ ಕುಗ್ಗಿರುತ್ತದೆ. ಹೀಗಾಗಿ ಎರಡನೆಯ ಸುತ್ತಿನ ಲಾಭವನ್ನು ಮೊದಲಿನ ಗುಂಪಿನ ಲೆಕ್ಕದಲ್ಲೇ ಅಂದಾಜಿಸಿದರೆ ನಿರೀಕ್ಷೆ ಅತಿಯಾಗುತ್ತದೆ.

ಮರದಲ್ಲಿ ಒಂದು ಅನುಕೂಲವಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಲಸಿನ ಮರದಿಂದ ‘ಸಿದ್ದು’ ತಳಿ ಬಂತು. ಕೆಂಪು ತೊಳೆ, ಸುಮಾರು ಎರಡೂವರೆ ಕಿಲೋ ತೂಗುವ ಪುಟ್ಟ ಹಣ್ಣು. ಅದನ್ನು ಹೊರತಂದವರು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು. ಕಸಿ ಕಟ್ಟಿದರೆ ತಾಯಿಮರದ ವಂಶವಾಹಿಗಳೆಲ್ಲ ಹಾಗೆಯೇ ದಾಟುತ್ತವೆ, ಹಸುವಿನಿಂದ ಕರುವಿಗೆ ದಾಟುವುದು ಅರ್ಧ. ಹಾಗಿದ್ದರೂ ಬಾವಿಯ ಮಗ್ಗುಲಲ್ಲಿ, ತಿಪ್ಪೆಯ ಗೊಬ್ಬರ ತಿಂದು ಬೆಳೆದ ಮರದ ಸೊಬಗಿಗೆ ಮರುಳಾಗಬಾರದು. ಅದರ ಕಸಿಗಳನ್ನು ಬೇರೆ ಬೇರೆ ಮಣ್ಣಿನಲ್ಲಿ ಇತರ ಮರಗಳ ಕಸಿಗಳ ಜೊತೆ ಬೆಳೆಸಿ ನೋಡುವ ಎರಡನೆಯ ಸುತ್ತು ಇರುವುದು ಅದಕ್ಕೇ.

ಹೋರಿಯ ವಿಷಯದಲ್ಲಿ ತೊಡಕು ಜಾಸ್ತಿ, ಹೋರಿ ಹಾಲು ಕೊಡುವುದಿಲ್ಲ! ಕೋಲಾರದ ಸೀಮೆಹಸುಗಳಿಗೆ ವೀರ್ಯ ಒದಗಿಸುವ ಹೋರಿಯನ್ನು ಮೊದಲು ಅದರ ತಾಯಿಯ ಹಾಲಿನ ಲೆಕ್ಕದಿಂದ, ನಂತರ ಬೆಳವಣಿಗೆ, ರೋಗಪರೀಕ್ಷೆ, ವೀರ್ಯದ ಗುಣಮಟ್ಟದಿಂದ ಆರಿಸಬೇಕು. ನಿಜವಾದ ತೀರ್ಪು ಅದರ ಹೆಣ್ಣುಕರುಗಳು ಬೆಳೆದು, ಕರು ಹಾಕಿ ಹಾಲು ಕೊಟ್ಟ ಮೇಲೆ; ಅಷ್ಟರಲ್ಲಿ ಹೋರಿಗೆ ಐದಾರು ವರ್ಷ. 2001ರಲ್ಲಿ ತಳಿ ವಿಜ್ಞಾನಿಗಳಾದ ಮ್ಯೂವಿಸೆನ್, ಹೇಯ್ಸ್ ಮತ್ತು ಗೊಡಾರ್ಡ್ ಸೂಚಿಸಿದ ಜೀನೋಮ್ ಆಯ್ಕೆ ಈ ಮೊದಲ ಆಯ್ಕೆಗೂ ಕೊನೆಯ ತೀರ್ಪಿಗೂ ನಡುವೆ ಹೊಸ ಸುತ್ತೊಂದನ್ನು ತಂದಿತು. ಎಳೆಗರುವಿನ ಡಿಎನ್ಎ ನೋಡಿಯೇ ಅಂದಾಜು ಕಟ್ಟಬಹುದು. ಆ ಅಂದಾಜಿನ ಸೂತ್ರ ಹುಟ್ಟುವುದು ಮಾತ್ರ ಸಾವಿರಾರು ಹಸುಗಳ ಹಾಲಿನ ದಾಖಲೆಯಿಂದ. ಹಾಗಾಗಿ ಕೊಟ್ಟಿಗೆಗೆ ಹೋಗಿ, ಬೆಳಗ್ಗೆ ಸಂಜೆ ಕರೆದ ಹಾಲನ್ನು ಅಳೆದು ಬರೆದುಕೊಳ್ಳುವವರ ಕೆಲಸ ಈಗಲೂ ತಪ್ಪಿಲ್ಲ.