ವರ್ಣತಂತು ವರದಿ ನಾರ್ಮಲ್ ಬಂದ ಮಾತ್ರಕ್ಕೆ

ಆನುವಂಶಿಕ ಕಾಯಿಲೆಯ ಬಗ್ಗೆ ಸಲಹೆ ಕೇಳಲು ಶಿವಮೊಗ್ಗದ ನನ್ನ ಕೊಠಡಿಗೆ ಬರುವ ದಂಪತಿಗಳಲ್ಲಿ ಅನೇಕರು ಮಾತಿಗೆ ಮೊದಲೇ ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಡುತ್ತಾರೆ. ಪಟ್ಟೆ ಪಟ್ಟೆಯಾಗಿ ಕಾಣುವ ವರ್ಣತಂತುಗಳನ್ನು (ಕ್ರೋಮೋಸೋಮ್) ಜೋಡಿ ಜೋಡಿಯಾಗಿ ನಿಲ್ಲಿಸಿದ ಚಿತ್ರ, ಕೆಳಗೆ ‘46, ಎಕ್ಸ್‌ಎಕ್ಸ್’ ಅಥವಾ ‘46, ಎಕ್ಸ್‌ವೈ’ ಎಂಬ ಒಕ್ಕಣೆ, ಅದರ ಮುಂದೆ ‘ನಾರ್ಮಲ್’. ‘ಇಬ್ಬರದೂ ಸರಿ ಇದೆ ಡಾಕ್ಟರೇ, ಇನ್ನು ವಂಶದಿಂದ ಬರುವಂಥದ್ದು ಏನೂ ಇಲ್ಲ ಎಂದು ಆಯಿತಲ್ಲ?’ ಎನ್ನುತ್ತಾರೆ. ಆಗಲಿಲ್ಲ. ಆ ಹಾಳೆ ಹಾಗೆ ಹೇಳುವುದೇ ಇಲ್ಲ. ಇದನ್ನು ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ. ಒಮ್ಮೆ ಬರೆದೇ ಬಿಡುತ್ತೇನೆ.

ಕ್ಯಾರಿಯೋಟೈಪ್ ಎಂಬ ಈ ಪರೀಕ್ಷೆಯಲ್ಲಿ ರಕ್ತದ ಬಿಳಿ ಕಣಗಳನ್ನು ಸುಮಾರು ಮೂರು ದಿನ ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ. ಕಣ ಎರಡಾಗಲು ಹೊರಟ ಹಂತದಲ್ಲಿ ಅದನ್ನು ತಡೆದು, ಉಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಬೀಳಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋಡುವುದು ಏನನ್ನು? ವರ್ಣತಂತುಗಳು ಎಷ್ಟಿವೆ, ಯಾವುದಾದರೂ ತುಂಡು ಕಾಣೆಯಾಗಿದೆಯೇ, ಹೆಚ್ಚಾಗಿದೆಯೇ, ಒಂದರ ತುಂಡು ಇನ್ನೊಂದಕ್ಕೆ ಅಂಟಿದೆಯೇ ಎಂಬುದನ್ನು. ಇಷ್ಟೇ. ನುರಿತ ಕಣ್ಣಿಗೂ ಇದರಲ್ಲಿ ಸಾಮಾನ್ಯವಾಗಿ ಐವತ್ತು ಲಕ್ಷ ಅಕ್ಷರಗಳಿಗಿಂತ (ವರ್ಣತಂತುವಿನಲ್ಲಿ ಸಾಲಾಗಿ ಬರೆದಂತಿರುವ ರಾಸಾಯನಿಕ ಅಕ್ಷರಗಳು ಇವು) ಚಿಕ್ಕ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಡಿಎನ್‌ಎಯ ಒಂದು ಪೂರ್ಣ ಪ್ರತಿಯಲ್ಲಿ ಸುಮಾರು ಮುನ್ನೂರು ಕೋಟಿ ಅಕ್ಷರಗಳಿವೆ. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಬೀಟಾ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಬರಲು ಹನ್ನೊಂದನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯ (ಜೀನ್) ಎರಡೂ ಪ್ರತಿಗಳಲ್ಲಿ ಒಂದೊಂದೇ ಅಕ್ಷರ ಬದಲಾಗಿದ್ದರೆ ಸಾಕು.

ಗುಡ್ಡದ ನೆತ್ತಿಯ ಮೇಲೆ ನಿಂತು ಕೆಳಗಿನ ಅಡಿಕೆ ತೋಟ ನೋಡಿದರೆ ಸಾಲು ತಪ್ಪಿದೆಯೇ, ಗಾಳಿಗೆ ಮರ ಉರುಳಿದೆಯೇ ಎಂದು ತಿಳಿಯುತ್ತದೆ. ಗೊನೆಯೊಳಗಿನ ಒಂದು ಕಾಯಿಗೆ ಕೊಳೆ ತಗುಲಿದೆಯೇ ಎಂದು ಅಲ್ಲಿಂದ ತಿಳಿಯದು. ಮರಗಳ ಲೆಕ್ಕ ಸರಿ ಇದೆ ಎಂದವನು ಸುಳ್ಳು ಹೇಳಿಲ್ಲ. ಕಾಯಿಯ ಬಗ್ಗೆ ಅವನು ಮಾತೇ ಆಡಿಲ್ಲ.

ಇಷ್ಟು ಹೇಳಿದ ಮೇಲೂ ಕೆಲವರು ವರದಿಯನ್ನು ಮತ್ತೆ ನನ್ನ ಕಡೆ ಸರಿಸುತ್ತಾರೆ. ಅವರಿಗೆ ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ಥಲಸ್ಸೇಮಿಯಾ ಮಗುವಿನದೇ ಕ್ಯಾರಿಯೋಟೈಪ್ ಮಾಡಿಸಿ, ಅದೂ ನಾರ್ಮಲ್ ಬರುತ್ತದೆ. ಗಾಯವಾದರೆ ರಕ್ತ ನಿಲ್ಲದ ಹಿಮೋಫಿಲಿಯಾ ಹುಡುಗನದೂ ನಾರ್ಮಲ್. ನಡೆಯುತ್ತಿದ್ದವನು ಹತ್ತು ಹನ್ನೆರಡು ವರ್ಷಕ್ಕೆ ಗಾಲಿಕುರ್ಚಿ ಹಿಡಿಯುವ ಡುಶೇನ್ ಸ್ನಾಯುಕ್ಷಯದಲ್ಲಿಯೂ ಬಹುತೇಕ ಹಾಗೆಯೇ. ಕಾಯಿಲೆ ಕಣ್ಣೆದುರು ಇರುವ ಮಗುವಿನಲ್ಲೇ ತಪ್ಪು ಕಾಣಿಸದ ಪರೀಕ್ಷೆ, ಆರೋಗ್ಯವಾಗಿರುವ ಅಪ್ಪ ಅಮ್ಮನಲ್ಲಿ ಅದರ ಬೀಜ ಇಲ್ಲ ಎಂದು ಹೇಗೆ ಹೇಳೀತು? ಈ ಪ್ರಶ್ನೆ ಕೇಳಿದಾಗ ಹೆಚ್ಚಿನವರ ಮುಖದಲ್ಲಿ ಅರ್ಥವಾದ ಸುಳಿವು ಕಾಣುತ್ತದೆ. ಕೆಲವರಿಗೆ ಸಿಟ್ಟೂ ಬರುತ್ತದೆ. ಕೆಲವು ಸಾವಿರ ರೂಪಾಯಿ ಖರ್ಚು ಮಾಡಿದ್ದಾರೆ, ಸಿಟ್ಟು ನ್ಯಾಯವೇ.

ಇದಕ್ಕೆ ಹೆಚ್ಚು ಸಿಲುಕುವವರು ನೆಂಟಸ್ತಿಕೆಯಲ್ಲಿ ಮದುವೆಯಾದವರು. ‘ಸೋದರಮಾವನನ್ನೇ ಮದುವೆಯಾಗಿದ್ದೇನೆ, ಅದಕ್ಕೆ ಮೊದಲೇ ಎಚ್ಚರಿಕೆಯಿಂದ ಕ್ರೋಮೋಸೋಮ್ ಪರೀಕ್ಷೆ ಮಾಡಿಸಿದೆವು’ ಎನ್ನುವ ಹುಡುಗಿಯರ ಕಾಳಜಿ ದೊಡ್ಡದು, ಪರೀಕ್ಷೆ ಮಾತ್ರ ಬೇರೆಯದು. ಅಂಥ ದಂಪತಿಯ ಮಗುವಿನಲ್ಲಿ ಸರಾಸರಿ ಎಂಟನೆಯ ಒಂದು ಪಾಲು ವಂಶವಾಹಿಗಳ ಎರಡೂ ಪ್ರತಿಗಳು ಒಬ್ಬರೇ ಹಿರಿಯರಿಂದ ಬಂದಿರುತ್ತವೆ. ಅತ್ತೆಯ ಮಗ, ಮಾವನ ಮಗಳು ಮದುವೆಯಾಗಿದ್ದರೆ ಹದಿನಾರನೆಯ ಒಂದು ಪಾಲು. ಅಪಾಯ ಇರುವುದು ಇಲ್ಲಿ, ಅಕ್ಷರಗಳ ಮಟ್ಟದಲ್ಲಿ. ನೆಂಟಸ್ತಿಕೆಯ ಮದುವೆಗಳಲ್ಲಿ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ ಎಂಬುದನ್ನೂ ಸೇರಿಸಿ ಹೇಳುತ್ತೇನೆ. ಹೆದರಿಸುವುದು ನನ್ನ ಉದ್ದೇಶವಲ್ಲ.

ಹೊಸನಗರದ ಕಡೆಯಿಂದ ಬಂದ ಒಂದು ಕುಟುಂಬದ ಕಥೆ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೊದಲ ಮಗಳಿಗೆ ಥಲಸ್ಸೇಮಿಯಾ. ಎರಡನೆಯ ಮಗುವಿನ ಯೋಚನೆ ಬಂದಾಗ ಬೇರೆಲ್ಲೋ ಗಂಡ ಹೆಂಡತಿಯ ಕ್ಯಾರಿಯೋಟೈಪ್ ಮಾಡಿಸಿಕೊಂಡು, ನಾರ್ಮಲ್ ಎಂಬ ಧೈರ್ಯದಲ್ಲಿ ಗರ್ಭ ಧರಿಸಿ, ನಾಲ್ಕು ತಿಂಗಳಾದ ಮೇಲೆ ಬಂದರು. ಮೊದಲ ಮಗುವಿಗೆ ಈ ಕಾಯಿಲೆ ಇದೆ ಎಂದರೆ ತಂದೆ ತಾಯಿ ಇಬ್ಬರೂ ವಾಹಕರು, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ತಪ್ಪಿರುವ ಒಂದು ಪ್ರತಿ ಹೊತ್ತವರು ಎಂದೇ ಸಾಮಾನ್ಯವಾಗಿ ತಿಳಿಯಬೇಕು. ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದರಷ್ಟು ಸಂಭವ ಮತ್ತೆ ಮತ್ತೆ ಹೊಸದಾಗಿ ಇರುತ್ತದೆ. ಹಿಮೋಗ್ಲೋಬಿನ್ ಎ2 ಪ್ರಮಾಣ ನೋಡುವ, ಕ್ಯಾರಿಯೋಟೈಪ್‌ಗಿಂತ ಬಹಳ ಅಗ್ಗದ ರಕ್ತಪರೀಕ್ಷೆಯೇ ಆ ಮಾತನ್ನು ಖಚಿತಪಡಿಸಿತು. ಹೆಂಡತಿಗೆ ವರ್ಷಗಟ್ಟಲೆ ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದರು. ವಾಹಕರ ರಕ್ತ ಸ್ವಲ್ಪ ಕಡಿಮೆ ಇರುವುದನ್ನು ಕಬ್ಬಿಣದ ಕೊರತೆ ಎಂದುಕೊಳ್ಳುವುದು ನಾನು ಆಗಾಗ ನೋಡುವ ಸಂಗತಿ.

ಜೊತೆಗೆ ಬಂದಿದ್ದ ವಯಸ್ಸಾದ ಹೆಂಗಸನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಒಳಗೆ ಕರೆಸಿದೆ. ಗಂಡನಿಗೆ ತಾಯಿ, ಹೆಂಡತಿಗೆ ಅಜ್ಜಿ. ವಂಶವೃಕ್ಷದ ಹಾಳೆಯಲ್ಲಿ ಎರಡೂ ಗೆರೆ ಅವರ ಬಳಿಗೇ ಹೋಗಿ ಸೇರುತ್ತಿದ್ದವು. ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಯಾರಾದರೂ ಇದ್ದರೇ ಎಂದು ಕೇಳಿದ್ದಕ್ಕೆ, ‘ನಮ್ಮ ಅಕ್ಕನ ಎರಡು ಮಕ್ಕಳು ಬಿಳಿಚಿಕೊಂಡು, ಹೊಟ್ಟೆ ದಪ್ಪವಾಗಿ, ನಾಲ್ಕು ವರ್ಷ ತುಂಬುವುದರೊಳಗೆ ಹೋದವು. ದೃಷ್ಟಿಯಾಗಿದೆ ಎಂದು ನಿವಾಳಿಸಿದ್ದೇ ನಿವಾಳಿಸಿದ್ದು’ ಎಂದರು. ಗುಲ್ಮ ಊದಿಕೊಂಡ ಥಲಸ್ಸೇಮಿಯಾದ ವರ್ಣನೆ ಪಠ್ಯಪುಸ್ತಕದಲ್ಲಿಯೂ ಇದಕ್ಕಿಂತ ಚೆನ್ನಾಗಿಲ್ಲ. ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲ. ನನಗೆ ಇಂಥ ಅಜ್ಜಿಯರ ಮೇಲೆ ಅಪಾರ ಗೌರವ. ದಯವಿಟ್ಟು ಅವರನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಆ ದಂಪತಿಗೆ ಗರ್ಭದ ನೀರಿನ ಪರೀಕ್ಷೆಗೆ ಸಮಯ ಉಳಿದಿತ್ತು, ಉತ್ತರವೂ ಸಿಕ್ಕಿತು. ಮುಂದಿನದು ಅವರ ಮನೆಯ ಮಾತು.

ಮನೆಯ ಹಿರಿಯರನ್ನು ಕೇಳಿ ವಂಶವೃಕ್ಷ ಬರೆಯುವುದರ ಬೆಲೆಯನ್ನು ನಮ್ಮ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ವೈದ್ಯಲೋಕದಲ್ಲಿ ಉಳಿದಿರುವುದೇ ಇಂಥದೊಂದು ಕಾಯಿಲೆಯಿಂದ. 1970ರ ದಶಕದ ಮಧ್ಯಭಾಗದಲ್ಲಿ ಸೊಂಟ, ಮೊಣಕಾಲುಗಳ ಕೀಲು ಸವೆದು ನಡೆಯಲಾರದೆ ಹೋದವರು ಅಲ್ಲಿ ಗಮನಕ್ಕೆ ಬಂದಾಗ ಮೊದಲು ಸಂಶಯ ಹೋದದ್ದು ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಗದ್ದೆಯ ಏಡಿಯ ಮೇಲೆ. ಮುಂದೆ ಸಂಶೋಧಕರು ಕುಟುಂಬಗಳ ವಂಶವೃಕ್ಷ ಬಿಡಿಸಿ, ಎಕ್ಸ್‌ರೇ ತೆಗೆದು ನೋಡಿದಾಗ ಅದು ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ, ತಂದೆ ಅಥವಾ ತಾಯಿಯಿಂದ ನೇರವಾಗಿ ಮಕ್ಕಳಿಗೆ ಇಳಿಯುವ ಪ್ರಬಲ ಸ್ವರೂಪದ ಆನುವಂಶಿಕ ಕಾಯಿಲೆ ಎಂಬ ತೀರ್ಮಾನಕ್ಕೆ ಬಂದರು. ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ. ದಾರಿ ತೋರಿಸಿದ್ದು ಯಾರ ಮಗ, ಯಾರ ಮಗಳು ಎಂದು ಮನೆ ಮನೆ ಸುತ್ತಿ ಬರೆದುಕೊಂಡ ಹಾಳೆಗಳು.

ಹಾಗಾದರೆ ಕ್ಯಾರಿಯೋಟೈಪ್ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಬೇಕಾದ ಕಡೆ ಮಾಡಿಸುವುದಿಲ್ಲ ಎಂಬುದೇ ನನ್ನ ಇನ್ನೊಂದು ತಕರಾರು. ಡೌನ್ ಸಿಂಡ್ರೋಮ್ ಇರುವ ಮಗುವನ್ನು ಕರೆತಂದು, ‘ಮುಖ ನೋಡಿದರೇ ಗೊತ್ತಾಗುತ್ತದೆ, ಪರೀಕ್ಷೆ ಯಾಕೆ?’ ಎನ್ನುತ್ತಾರೆ. ಮನುಷ್ಯರಲ್ಲಿ 46 ವರ್ಣತಂತುಗಳಿವೆ ಎಂದು ಜಿಯೋ ಮತ್ತು ಲೆವಾನ್ ಸ್ವೀಡನ್ನಿನಲ್ಲಿ ತೋರಿಸಿದ್ದು 1956ರಲ್ಲಿ. ಅದಕ್ಕೂ ಮೊದಲು ಮೂರು ದಶಕ ಜಗತ್ತೆಲ್ಲ 48 ಎಂದೇ ನಂಬಿತ್ತು. 1959ರಲ್ಲಿ ಪ್ಯಾರಿಸ್ಸಿನಲ್ಲಿ ಲೆಜೂನ್, ಗೋಟಿಯೆ ಮತ್ತು ಟುರ್ಪಿನ್ ಡೌನ್ ಮಕ್ಕಳಲ್ಲಿ 47 ಇರುವುದನ್ನು ಪ್ರಕಟಿಸಿದರು. ನೂರಕ್ಕೆ ಸುಮಾರು 95 ಮಕ್ಕಳಲ್ಲಿ 21ನೆಯದು ಬಿಡಿಯಾಗಿ ಒಂದು ಹೆಚ್ಚಿರುತ್ತದೆ. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಆದ ಆಕಸ್ಮಿಕ ಅದು, ಯಾರ ವಂಶದ ತಪ್ಪೂ ಅಲ್ಲ. ಸೊಸೆಯನ್ನು ದೂರುವ ಅತ್ತೆಯಂದಿರು ಈ ಸಾಲನ್ನು ಎರಡು ಸಲ ಓದಬೇಕು.

ಆದರೆ ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಆ ಹೆಚ್ಚುವರಿ 21 ಇನ್ನೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಆಗ ಅಪ್ಪ ಅಥವಾ ಅಮ್ಮ 45 ವರ್ಣತಂತುಗಳಿಟ್ಟುಕೊಂಡೇ ಪೂರ್ಣ ಆರೋಗ್ಯವಾಗಿ ಇರಬಹುದು. 14 ಮತ್ತು 21 ಅಂಟಿಕೊಂಡಿದ್ದು ತಾಯಿಯಿಂದ ಬಂದಿದ್ದರೆ ಮುಂದಿನ ಮಗುವಿಗೂ ಬರುವ ಸಂಭವ ನೂರಕ್ಕೆ ಹತ್ತರಿಂದ ಹದಿನೈದು. ತಂದೆಯಿಂದಾದರೆ ತೀರಾ ಕಡಿಮೆ. ಮುಖ ನೋಡಿ ಇದನ್ನು ಯಾವ ವೈದ್ಯನೂ ಹೇಳಲಾರ. ಪದೇ ಪದೇ ಗರ್ಭಪಾತವಾಗುವ ದಂಪತಿಗಳಲ್ಲಿಯೂ ಇಬ್ಬರ ಕ್ಯಾರಿಯೋಟೈಪ್ ನೋಡಬೇಕಾಗಬಹುದು. ಇಬ್ಬರದು ಎಂದರೆ ಇಬ್ಬರದು. ಹೆಂಡತಿಯನ್ನು ಮಾತ್ರ ಪರೀಕ್ಷೆಗೆ ಕಳಿಸಿ ತಾವು ಔಷಧಿ ಅಂಗಡಿಯ ಮುಂದೆ ನಿಲ್ಲುವ ಗಂಡಂದಿರೊಂದಿಗೆ ನನಗೆ ತಾಳ್ಮೆ ಇಲ್ಲ.

ಮೈಕ್ರೋಅರೇ, ಎಕ್ಸೋಮ್ ಎಂಬ ಹೊಸ ಪರೀಕ್ಷೆಗಳಿಗೂ ಇದೇ ಮಾತು. ಮೊದಲನೆಯದು ಚಿಕ್ಕ ತುಂಡು ಕಾಣೆಯಾದದ್ದನ್ನು ಹಿಡಿಯುತ್ತದೆ, ಒಂದಕ್ಷರದ ತಪ್ಪನ್ನು ಹಿಡಿಯುವುದಿಲ್ಲ. ಎರಡನೆಯದು ಅಕ್ಷರ ಓದುತ್ತದೆ, ಆದರೂ ಬುದ್ಧಿಯ ಬೆಳವಣಿಗೆ ಕುಂಠಿತವಾಗುವ ಫ್ರಾಜೈಲ್ ಎಕ್ಸ್‌ನಂಥ ಕಾಯಿಲೆಯನ್ನು ಬಿಟ್ಟುಬಿಡುತ್ತದೆ. ಯಾವ ಪರೀಕ್ಷೆ ಬೇಕು ಎಂಬುದು ಮಗುವಿಗೆ ಏನಾಗಿದೆ ಎಂಬುದರ ಮೇಲೆ ನಿಂತಿದೆ; ಈ ಅಂಕಣ ಓದಿ ನೀವೇ ಪ್ರಯೋಗಾಲಯಕ್ಕೆ ಹೋಗಬೇಡಿ.

ನನಗೆ ನಿಜವಾದ ಸಂಕಟ ಕೊಡುವುದು ಇನ್ನೊಂದು. ನಾರ್ಮಲ್ ಎಂಬ ಆ ಹಾಳೆಯನ್ನು ನಂಬಿ ಹುಡುಕಾಟ ನಿಲ್ಲಿಸಿದ ಮನೆಯಲ್ಲಿ ಮಗು ಒಂದು ದಿನ ತೀರಿಕೊಳ್ಳುತ್ತದೆ. ವರ್ಷದ ಮೇಲೆ ತಂದೆ ತಾಯಿ ಬಂದು, ಈ ಸಲ ಏನು ಮಾಡಬೇಕು ಎಂದು ಕೇಳುತ್ತಾರೆ. ಯಾವ ವಂಶವಾಹಿಯಲ್ಲಿ ತಪ್ಪಿತ್ತು ಎಂದು ಹೇಳಬಲ್ಲ ರಕ್ತ ಆ ಮಗುವಿನದಾಗಿತ್ತು. ತಂದೆ ತಾಯಿಯ ರಕ್ತದಲ್ಲಿ ಹುಡುಕಬಹುದು, ಆದರೆ ಆ ದಾರಿ ಉದ್ದ, ಖರ್ಚೂ ಹೆಚ್ಚು, ಉತ್ತರ ಸಿಕ್ಕೇ ಸಿಗುತ್ತದೆ ಎನ್ನಲು ಬರುವುದಿಲ್ಲ. ಆದ್ದರಿಂದ ಕಾರಣ ತಿಳಿಯದೆ ನರಳುತ್ತಿರುವ ಮಗು ಮನೆಯಲ್ಲಿದ್ದರೆ, ಡಿಎನ್‌ಎ ತೆಗೆದು ಇಡಲು ನೇರಳೆ ಮುಚ್ಚಳದ ಇಡಿಟಿಎ ನಳಿಕೆಯಲ್ಲಿ ಎರಡು ಮೂರು ಮಿಲಿಲೀಟರ್ ರಕ್ತ ಸಾಕು ಎಂಬುದು ನೆನಪಿರಲಿ. ಪರೀಕ್ಷೆಗೆ ಈಗ ಹಣ ಇಲ್ಲದಿದ್ದರೂ ಡಿಎನ್‌ಎ ಇಟ್ಟುಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಮಗುವಿನ ವೈದ್ಯರನ್ನು ಈ ವಾರವೇ ಕೇಳಿ.